ಐದು ಟನ್ನಿನ ಅಚ್ಚು: ಮಿರಜಿನ ಸಣ್ಣ ಗಾಡಿಯೂ ನಮ್ಮ ಐದು ತಾಲೂಕುಗಳೂ



ರೈಲು ನಕಾಶೆಯಲ್ಲಿ ಕೆಲವು ನಿಲ್ದಾಣಗಳ ಹೆಸರಿಗೆ ‘ರೋಡ್’ ಎಂಬ ಬಾಲ ಇರುತ್ತದೆ. ಚಿಕ್ಕೋಡಿ ರೋಡ್, ಗೋಕಾಕ ರೋಡ್, ಮಿರಜಿನ ಆಚೆಗೆ ಜತ್ ರೋಡ್. ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿಂದ ಹೊರಡುತ್ತದೆ ಎಂದು ಆ ಬಾಲದ ಅರ್ಥ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ನಮ್ಮ ಐದು ತಾಲೂಕುಗಳಲ್ಲಿ ರಾಯಬಾಗಕ್ಕೆ ನಿಲ್ದಾಣ ಸಿಕ್ಕಿತು, ಕಾಗವಾಡದ ಸೀಮೆಗೆ ಶೇಡಬಾಳವೂ ಉಗಾರವೂ ಸಿಕ್ಕವು, ಚಿಕ್ಕೋಡಿಗೆ ಬಾಲ ಹಚ್ಚಿದ ಹೆಸರು ಸಿಕ್ಕಿತು. ನಿಪ್ಪಾಣಿಗೂ ಅಥಣಿಗೂ ಅದೂ ಇಲ್ಲ. ಸೋಲಾಪುರ ಜಿಲ್ಲೆಯ ಬಾರ್ಶಿ ಎಂಬ ಹತ್ತಿಯ ಪೇಟೆಯದೂ ಒಂದು ಕಾಲಕ್ಕೆ ಇದೇ ಅವಸ್ಥೆ. ಅದರ ಹೆಸರು ಹೊತ್ತ ಬಾರ್ಶಿ ರೋಡ್ ನಿಲ್ದಾಣ ಊರಿನಿಂದ 21 ಮೈಲಿ ಆಚೆ ಇತ್ತು. ಆ ದೂರವನ್ನು ಮುಚ್ಚಿದ್ದು ಎರಡೂವರೆ ಅಡಿ ಅಗಲದ ಹಳಿ, ಅದರ ಮೇಲೆ ಓಡಿದ ಒಂದು ವಿಶೇಷ ಜಾತಿಯ ಉಗಿ ಎಂಜಿನ್. ಮುಂದೆ ಅದೇ ಹಳಿ ಬೆಳೆದು ಮಿರಜಿಗೆ, ಅಂದರೆ ನಮ್ಮ ಕಾಗವಾಡದ ನೆರೆಗೆ ಬಂದು ನಿಂತಿತು. ಆ ಎಂಜಿನ್ನುಗಳ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುವುದಕ್ಕೆ ಕಾರಣವಿದೆ. ರೈಲು ಎಲ್ಲಿಗೆ ಹೋಗಬಲ್ಲದು ಎಂಬುದನ್ನು ಎಂಜಿನ್ನಿನ ಬಲಕ್ಕಿಂತ ಹೆಚ್ಚಾಗಿ ಅದರ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ ನಿರ್ಧರಿಸುತ್ತದೆ. ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳ ಕೈಗೆಟುಕುವಷ್ಟು ಹಗುರಾದ ರೈಲು ಆ ಎಂಜಿನ್ನುಗಳ ಕಾಲದಲ್ಲಿಯೇ, ನಮ್ಮ ಪಕ್ಕದಲ್ಲಿಯೇ ಸಾಧ್ಯವಾಗಿತ್ತು. ಹಾಗಾಗಿ ನಮ್ಮ ಊರುಗಳಿಗೆ ರೈಲು ಬಾರದೆ ಹೋದದ್ದನ್ನು ನೆಲದ ತಪ್ಪು, ನದಿಯ ತಪ್ಪು, ಹಣೆಬರಹದ ತಪ್ಪು ಎನ್ನುವ ರೂಢಿಯ ಮಾತನ್ನು ಬಿಡಬೇಕಾಗುತ್ತದೆ. ಇದು ನನ್ನ ವಾದ.

ಮೊದಲು ದೊಡ್ಡ ಗಾಡಿಯ ಮಾತು. 1876ರಿಂದ 78ರವರೆಗಿನ ಬರ ನಮ್ಮ ಸೀಮೆಯನ್ನು ಹೇಗೆ ಹಿಂಡಿತೆಂಬುದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೆ 1880ರಲ್ಲಿ ಬಂದ ಕ್ಷಾಮ ಆಯೋಗದ ವರದಿ, ಧಾನ್ಯ ಸಾಗಿಸಲು ರೈಲು ಬೇಕು ಎಂಬುದನ್ನು ಸರಕಾರದ ತಲೆಯಲ್ಲಿ ಗಟ್ಟಿಮಾಡಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಮೀಟರ್ ಗೇಜಿನ ಹಳಿ ಹಾಸತೊಡಗಿತು. ಪುಣೆಯಿಂದ ಮಿರಜ್, ಬೆಳಗಾವಿಗಳ ಮೇಲೆ ಹಾಯ್ದು ಲೋಂಡಾ ಸೇರುವ ದಾರಿ 1890ರ ಹೊತ್ತಿಗೆ ಪೂರ್ತಿಯಾಯಿತು. ಲೋಂಡಾದಿಂದ ಮುಂದೆ ಪೋರ್ತುಗೀಜರ ನೆಲದಲ್ಲಿ ಮಾರ್ಮಗೋವಾ ಬಂದರಿಗೆ ಸಂಪರ್ಕ. ಈ ದಾರಿಯ ಎರಡು ತುದಿಗಳನ್ನು ಗಮನಿಸಿ: ಒಂದು ಕಡೆ ಪುಣೆ, ಇನ್ನೊಂದು ಕಡೆ ಸಮುದ್ರ. ನಡುವಿನ ಊರುಗಳು ದಾರಿಗೆ ಅಡ್ಡ ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಶೇಡಬಾಳ, ಉಗಾರ, ಕೃಷ್ಣೆಯ ಮೇಲಿನ ಸೇತುವೆ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ ಎಂದು ಸಾಗುವ ಸಾಲು ನದಿ ದಾಟಲು ಅನುಕೂಲವಾದ ಜಾಗವನ್ನೂ ಏರು ಕಡಿಮೆ ಇರುವ ನೆಲವನ್ನೂ ಹುಡುಕಿಕೊಂಡು ಹೋದ ಗೆರೆ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಅದರಿಂದ ದೊಡ್ಡ ಉಪಕಾರವಾಯಿತು, ನಿಜ. ಮಾಯಕ್ಕನಿಗಾಗಿ ಯಾರೂ ಆ ಹಳಿ ಹಾಕಿರಲಿಲ್ಲ.

ಈಗ ಬಾರ್ಶಿಗೆ ಬರೋಣ. ಮುಂಬೈ–ಮದ್ರಾಸು ಹೆದ್ದಾರಿಯಂಥ ಬ್ರಾಡ್ ಗೇಜು ದಾರಿ ಅದನ್ನೂ ಹೀಗೆಯೇ ಬದಿಗೆ ಬಿಟ್ಟಿತ್ತು. ಹತ್ತಿ ತುಂಬಿದ ಚಕ್ಕಡಿಗಳು ಮಳೆಗಾಲದಲ್ಲಿ ಎರೆ ನೆಲದ ರಾಡಿಯಲ್ಲಿ ಗುಂಬದ ಮಟ್ಟ ಹುಗಿಯುತ್ತಿದ್ದವು. ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲ್ವೆಯಲ್ಲಿ ಎಂಜಿನ್ ವಿಭಾಗದ ಕೆಲಸಕ್ಕೆಂದು 1882ರಲ್ಲಿ ಬಂದ ಎವರರ್ಡ್ ರಿಚರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್ ಇಂಥ ಪೇಟೆಗಳಿಗೆ ಹಗುರ ರೈಲು ಹಾಕುವ ಲೆಕ್ಕದಲ್ಲಿ ವರ್ಷಗಟ್ಟಲೆ ಮುಳುಗಿದ. ಬಾರ್ಶಿ ಲೈಟ್ ರೈಲ್ವೆ ಕಂಪನಿ 1895ರಲ್ಲಿ ಲಂಡನ್ನಿನಲ್ಲಿ ನೋಂದಣಿಯಾಯಿತು, 1897ರಲ್ಲಿ ಗಾಡಿ ಬಾರ್ಶಿ ಪಟ್ಟಣದ ಒಳಗೆ ಬಂತು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಇಂದಿನ ಅಳತೆಯಲ್ಲಿ 762 ಮಿಲಿಮೀಟರ್. ಅಗಲ ಕಡಿಮೆಯಾದರೆ ಖರ್ಚು ಕಡಿಮೆ ಎಂಬುದು ಆಗ ಎಲ್ಲರೂ ಬಲ್ಲ ಮಾತೇ ಆಗಿತ್ತು. ಕ್ಯಾಲ್ತ್ರಾಪ್ ಹಿಡಿದ ಎಳೆ ಬೇರೆ. ಹಳಿ, ಅದರ ಕೆಳಗಿನ ಸ್ಲೀಪರು, ಮಣ್ಣಿನ ದಿಬ್ಬ, ಮೋರಿ, ಸೇತುವೆ ಇವೆಲ್ಲದರ ಖರ್ಚನ್ನು ಕೂಡಿಸುತ್ತ ಹೋದರೆ ಅದರ ಮೂಲ ಒಂದೇ ಕಡೆ ಸಿಗುತ್ತದೆ: ಒಂದು ಅಚ್ಚಿನಡಿಯ ಎರಡು ಗಾಲಿಗಳು ನೆಲಕ್ಕೆ ಎಷ್ಟು ಭಾರ ಊರುತ್ತವೆ? ಅವನು ಆ ಭಾರಕ್ಕೆ ಐದು ಟನ್ನಿನ ಮಿತಿ ಹಾಕಿದ. ಎಂಜಿನ್ ಇರಲಿ, ಸಾಮಾನಿನ ಡಬ್ಬಿ ಇರಲಿ, ಯಾವ ಅಚ್ಚೂ ಐದು ಟನ್ ಮೀರಬಾರದು. ಮಿತಿ ಒಂದೇ ಆದ್ದರಿಂದ ಗಜಕ್ಕೆ 30 ಪೌಂಡು ತೂಗುವ ತೆಳು ಹಳಿಯೂ ಇಡೀ ದಾರಿಗೆ ಸಾಕಾಯಿತು. ಎಂಜಿನ್ನಿಗಾಗಿ ಹಳಿಯನ್ನು ದಪ್ಪ ಮಾಡಿ, ಹಗುರಾದ ಡಬ್ಬಿಗಳನ್ನು ಅದರ ಮೇಲೆ ಓಡಿಸುವ ದಂಡದ ಖರ್ಚು ಇಲ್ಲಿ ಇಲ್ಲ.

ಚಕ್ಕಡಿ ಹೂಡಿದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಎರಡು ಗಾಲಿಯ ಮೇಲೆ ಇಪ್ಪತ್ತು ಚೀಲ ಹೇರಿದರೆ ಎರೆ ನೆಲ ಬಾಯಿಬಿಡುತ್ತದೆ. ಅದೇ ಚೀಲಗಳನ್ನು ನಾಲ್ಕು ಬಂಡಿಗೆ ಹಂಚಿದರೆ ನಾಲ್ಕೂ ಮನೆ ಮುಟ್ಟುತ್ತವೆ. ಆದರೆ ಎಂಜಿನ್ನನ್ನು ನಾಲ್ಕು ತುಂಡು ಮಾಡಲಿಕ್ಕೆ ಬರುವುದಿಲ್ಲ. ಅದಕ್ಕೆ ಬಾಯ್ಲರು ಬೇಕು, ನೀರು ಬೇಕು, ಕಲ್ಲಿದ್ದಲು ಬೇಕು. ಮೇಲಾಗಿ ಎಳೆಯುವ ಗಾಲಿಗಳ ಮೇಲೆ ಭಾರ ಇರಲೇಬೇಕು, ಇಲ್ಲವಾದರೆ ಗಾಲಿ ಹಳಿಯನ್ನು ಕಚ್ಚದೆ ಇದ್ದಲ್ಲೇ ತಿರುಗುತ್ತದೆ. ಭಾರ ಬೇಕು, ಆದರೆ ಒಂದೇ ಕಡೆ ಬೇಡ. ಈ ಎರಡು ಬೇಡಿಕೆಗಳ ನಡುವೆ ಹುಟ್ಟಿದ್ದು ಲೀಡ್ಸ್ ನಗರದ ಕಿಟ್ಸನ್ ಕಾರಖಾನೆ ಬಾರ್ಶಿಗೆ ಕಟ್ಟಿಕೊಟ್ಟ ‘ಎ’ ವರ್ಗದ ಟ್ಯಾಂಕ್ ಎಂಜಿನ್. ಟ್ಯಾಂಕ್ ಎಂಜಿನ್ ಎಂದರೆ ನೀರು ಕಲ್ಲಿದ್ದಲುಗಳಿಗೆ ಹಿಂದೆ ಬೇರೆ ಬಂಡಿ ಎಳೆಯದೆ ತನ್ನ ಮೈಮೇಲೆಯೇ ಹೊತ್ತುಕೊಳ್ಳುವ ಎಂಜಿನ್. ಈ ‘ಎ’ ವರ್ಗಕ್ಕೆ ಎಳೆಯುವ ಗಾಲಿಗಳು ಎಂಟು, ನಾಲ್ಕು ಅಚ್ಚುಗಳ ಮೇಲೆ, ಸರಳುಗಳಿಂದ ಒಂದಕ್ಕೊಂದು ಜೋಡಿಸಿದವು. ಅವುಗಳ ಹಿಂದೆ ಕಲ್ಲಿದ್ದಲ ಭಾರ ತಡೆಯುವುದಕ್ಕೆ ಇನ್ನೂ ನಾಲ್ಕು ಸಣ್ಣ ಗಾಲಿಗಳು. ರೈಲು ಮಂದಿಯ ಲೆಕ್ಕದಲ್ಲಿ ಇದು 0-8-4. ಅಷ್ಟು ಕಿರಿದಾದ ಹಳಿಯ ಮೇಲೆ ಎಂಟು ಗಾಲಿ ಜೋಡಿಸುವುದು ಆ ಕಾಲಕ್ಕೆ ಧೈರ್ಯದ ಕೆಲಸ. ಮುಂದೆ ಬಂದ ‘ಬಿ’ ವರ್ಗಕ್ಕೆ ಮುಂಭಾಗದಲ್ಲಿಯೂ ನಾಲ್ಕು ಗಾಲಿಗಳು ಸೇರಿ ಅದು 4-8-4 ಆಯಿತು; ತಿರುವಿನಲ್ಲಿ ದಾರಿ ತೋರಿಸುವ ಕೆಲಸ ಆ ಮುಂದಿನ ಗಾಲಿಗಳದು. ಹೋಲಿಕೆಗೆ ಒಂದೆರಡು ಅಂಕಿ ಹೇಳಬೇಕು. ಸ್ವಾತಂತ್ರ್ಯದ ನಂತರ ನಮ್ಮ ರಾಯಬಾಗ, ಕುಡಚಿಗಳ ಮೇಲೆ ಓಡಾಡಿದ ಮೀಟರ್ ಗೇಜಿನ ವೈಪಿ, ವೈಜಿ ಎಂಜಿನ್ನುಗಳ ಅಚ್ಚಿನ ಭಾರ ಹತ್ತು ಟನ್ನಿಗಿಂತ ಸ್ವಲ್ಪ ಮೇಲೆ. ಬ್ರಾಡ್ ಗೇಜಿನ ಡಬ್ಲ್ಯೂಪಿಯದು ಹದಿನೆಂಟು ಟನ್ನಿಗೂ ಹೆಚ್ಚು. ಬಾರ್ಶಿಯ ಎಂಜಿನ್ ನೆಲವನ್ನು ತುಳಿದದ್ದು ವೈಪಿಯ ಅರ್ಧದಷ್ಟು, ಡಬ್ಲ್ಯೂಪಿಯ ಮೂರನೆಯ ಒಂದಕ್ಕಿಂತ ಕಡಿಮೆ. ಈ ಎಂಜಿನ್ನನ್ನು ಆಟಿಗೆಯ ಗಾಡಿ ಎಂದು ನೋಡುವವರು ಇದ್ದಾರೆ. ಇದರಲ್ಲಿ ಅಡಗಿರುವ ಬುದ್ಧಿ ದೊಡ್ಡ ಎಂಜಿನ್ನಿನದಕ್ಕಿಂತ ಹೆಚ್ಚಿನದು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ದೊಡ್ಡದಕ್ಕೆ ಹಳಿಯೇ ಮಣಿಯುತ್ತಿತ್ತು, ಇಲ್ಲಿ ಎಂಜಿನ್ನೇ ಹಳಿಗೆ ಮಣಿಯಬೇಕಾಗಿತ್ತು.

ಹಳಿ ಹಾಕುವ ಮೊದಲೇ, 1894ರಲ್ಲಿ, ಕ್ಯಾಲ್ತ್ರಾಪ್ ಲೀಡ್ಸ್ ಬಳಿಯ ನ್ಯೂಲೇ ಎಂಬಲ್ಲಿ ಈ ಎಂಜಿನ್ ಡಬ್ಬಿಗಳನ್ನು ಓಡಿಸಿ ಎಂಜಿನಿಯರುಗಳಿಗೆ ತೋರಿಸಿದ್ದ. ಹತ್ತು ವರ್ಷದ ನಂತರ, 1904ರಲ್ಲಿ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ಲೀಕ್ ಮತ್ತು ಮ್ಯಾನಿಫೋಲ್ಡ್ ಕಣಿವೆಯ ಹಗುರ ರೈಲು ಇದೇ ಎರಡೂವರೆ ಅಡಿ ಅಳತೆಯಲ್ಲಿ ತೆರೆಯಿತು. ಅದರ ಎಂಜಿನಿಯರನೂ ಅವನೇ. ಸಾಮಾನ್ಯವಾಗಿ ವಿಲಾಯತಿಯ ಪಾಠ ಹಿಂದುಸ್ತಾನಕ್ಕೆ ಬರುತ್ತದೆ ಎನ್ನುತ್ತೇವೆ. ಇಲ್ಲಿ ಸೋಲಾಪುರದ ಎರೆ ನೆಲದಲ್ಲಿ ಪಕ್ವವಾದ ಪಾಠ ಇಂಗ್ಲೆಂಡಿನ ಹಾಲು ಮಾರುವ ಹಳ್ಳಿಗಳಿಗೆ ಹೋಯಿತು. ಬಾರ್ಶಿಯ ಹಳಿಯೂ ಬೆಳೆಯುತ್ತಿತ್ತು: 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರು, 1927ರಲ್ಲಿ ಪಂಢರಪುರದಿಂದ ಮಿರಜ್. ಎಲ್ಲ ಸೇರಿ 202 ಮೈಲಿ. ಆಷಾಢ ಏಕಾದಶಿಗೆ ವಿಠ್ಠಲನ ಕಡೆ ಹೊರಟ ನಮ್ಮ ಕಡೆಯ ವಾರಕರಿಗಳಿಗೆ ಮಿರಜಿನಲ್ಲಿ ಗಾಡಿ ಬದಲಿಸಿದರೆ ನೇರ ಪಂಢರಪುರ. ಮಿರಜ್ ನಿಲ್ದಾಣದಲ್ಲಿ ಹಿಂದೆಯೇ ಮೀಟರ್ ಗೇಜು ಇತ್ತು, 1891ರಿಂದ ಕೊಲ್ಲಾಪುರ ಸಂಸ್ಥಾನದ ಕವಲು ದಾರಿಯೂ ಇತ್ತು. ಪುಣೆಯ ಕಡೆಯಿಂದ ಬ್ರಾಡ್ ಗೇಜು ಬಂದ ಮೇಲೆ ಮೂರೂ ಅಗಲದ ಹಳಿಗಳು ಒಂದೇ ನಿಲ್ದಾಣದಲ್ಲಿ ಸೇರಿದವು. ದೇಶದಲ್ಲಿ ಇಂಥ ನಿಲ್ದಾಣಗಳು ಬೆರಳೆಣಿಕೆಯಷ್ಟು.

ಬಾರ್ಶಿ ಮತ್ತು ಅಥಣಿ, ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ನನ್ನ ಮನವಿ. ಬಾರ್ಶಿಗೂ ಅದರ ನಿಲ್ದಾಣಕ್ಕೂ ಇದ್ದ ಅಂತರ 21 ಮೈಲಿ. ಅಥಣಿಗೂ ಉಗಾರ–ಕುಡಚಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಎರಡೂ ಎರೆ ನೆಲದ ಪೇಟೆಗಳು, ಎರಡಕ್ಕೂ ಬರದ ಭಯ. ನದಿ ಅಡ್ಡ ಬಂತು ಎನ್ನುತ್ತಾರೆ. ನಕಾಶೆ ತೆಗೆದು ನೋಡಿದರೆ ಉಗಾರವೂ ಶೇಡಬಾಳವೂ ಕೃಷ್ಣೆಯ ಉತ್ತರ ದಡದಲ್ಲಿವೆ, ಅಥಣಿಯೂ ಉತ್ತರ ದಡದ ಸೀಮೆಯಲ್ಲಿಯೇ ಇದೆ. ಕೃಷ್ಣೆಯನ್ನು ದಾಟುವ ದೊಡ್ಡ ಖರ್ಚನ್ನು ಮೀಟರ್ ಗೇಜು ಆಗಲೇ ಮಾಡಿ ಮುಗಿಸಿತ್ತು. ಅಥಣಿಯ ಕವಲಿಗೆ ದಾಟಬೇಕಾದ ದೊಡ್ಡ ನೀರೆಂದರೆ ಅಗ್ರಣಿ. ಬಾರ್ಶಿಯ ಕಂಪನಿಯಂತೂ ಭೀಮೆಯಂಥ ನದಿಯನ್ನೇ ದಾಟಿದ ಹಳಿಯ ಒಡೆಯ. ಇನ್ನು ಚಿಕ್ಕೋಡಿ ರೋಡಿನಿಂದ ಚಿಕ್ಕೋಡಿಗೆ, ಅಲ್ಲಿಂದ ನಿಪ್ಪಾಣಿಗೆ ಹೋಗುವುದಕ್ಕೆ ದೊಡ್ಡ ನದಿಯೇ ಅಡ್ಡ ಬರುವುದಿಲ್ಲ. ವೇದಗಂಗೆ ನಿಪ್ಪಾಣಿಯ ಆಚೆ ಮಗ್ಗುಲಿಗೆ ಉಳಿಯುತ್ತದೆ. ಏರಿಳಿತ ಇದೆ, ಒಪ್ಪುತ್ತೇನೆ. ಕಿರಿದಾದ ಹಳಿ ಇಕ್ಕಟ್ಟಿನ ತಿರುವುಗಳಲ್ಲಿ ಹೊರಳಿ, ಗುಡ್ಡ ಅಗೆಯದೆ ಅದರ ಮೈಗುಂಟ ಹೋಗಬಲ್ಲದು. ಅದರ ಇನ್ನೊಂದು ಗುಣವೇ ಅದು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು, ಆಗಿನ ರೈಲು ಅಧಿಕಾರಿಗಳೂ ಬಹಳ ಸಾರಿ ಎತ್ತಿದ್ದು. ಹಳಿಯ ಅಗಲ ಬದಲಾದಲ್ಲಿ ಸಾಮಾನು ಇಳಿಸಿ ಏರಿಸಬೇಕು; ಹಮಾಲಿ ಖರ್ಚು, ಕಾಯುವ ಹೊತ್ತು, ಒಡೆಯುವ ಚೀಲ, ಕಳುವಾಗುವ ಗಂಟು, ಇವೆಲ್ಲ ಸೇರಿದರೆ ಹಗುರ ರೈಲಿನ ಉಳಿತಾಯ ಅಲ್ಲಿಯೇ ಕರಗುತ್ತದೆ ಎಂಬುದು ಆ ವಾದ. ಕ್ಯಾಲ್ತ್ರಾಪ್ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ದೊಡ್ಡ ಹಳಿಯ ಡಬ್ಬಿಯನ್ನೇ ಸಣ್ಣ ಹಳಿಯ ತಗ್ಗು ಬಂಡಿಯ ಮೇಲೆ ಏರಿಸಿಕೊಂಡು ಹೋಗುವ ಏರ್ಪಾಟನ್ನು ಮ್ಯಾನಿಫೋಲ್ಡ್ ಕಣಿವೆಯಲ್ಲಿ ಮಾಡಿ ತೋರಿಸಿದ. ಆದರೆ ಆ ಏರ್ಪಾಟು ಇಲ್ಲದೆಯೂ ವಾದಕ್ಕೆ ಉತ್ತರವಿದೆ. ನಿಪ್ಪಾಣಿಯ ತಂಬಾಕಿನ ಬೋದು ಚಕ್ಕಡಿಯಲ್ಲಿ ಬಂದು ನಿಲ್ದಾಣದಲ್ಲಿ ಇಳಿದು ಡಬ್ಬಿಗೆ ಏರಲೇಬೇಕಾಗಿತ್ತಲ್ಲ? ಚಕ್ಕಡಿಯ ಗಾಲಿಗೂ ರೈಲಿನ ಗಾಲಿಗೂ ನಡುವೆ ಇಳಿಸಿ ಏರಿಸುವ ಜಾಗ ಮೊದಲಿನಿಂದಲೂ ಇತ್ತು. ಸಣ್ಣ ಹಳಿ ಬಂದರೆ ಅದೇನೂ ಹೊಸದಾಗಿ ಹುಟ್ಟುವುದಿಲ್ಲ. ಹಮಾಲರ ಕೆಲಸ ನಿಲ್ದಾಣದಲ್ಲಿ ಇದ್ದಷ್ಟೇ ಉಳಿಯುತ್ತದೆ, ನಡುವಿನ ಮೈಲಿಗಟ್ಟಲೆಯ ರಾಡಿ ಮಾತ್ರ ತಪ್ಪುತ್ತದೆ. ಊರೊಳಗೆ ಡಬ್ಬಿ ತುಂಬುವಾಗ ಒಂದು ಸಾರಿ ಹೆಚ್ಚಿಗೆ ಏರಿಸಬೇಕಾದೀತು, ಅದು ಪೇಟೆಯ ಗೋದಾಮಿನ ಬಾಗಿಲಲ್ಲಿಯೇ ನಡೆಯುವ ಕೆಲಸ. ಸಣ್ಣ ಗೇಜನ್ನು ದೊಡ್ಡ ಗೇಜಿನ ಜೊತೆ ತೂಗಿದವರು ತಪ್ಪು ತಕ್ಕಡಿ ಹಿಡಿದಿದ್ದರು. ಚಕ್ಕಡಿಯ ಜೊತೆ ತೂಗಬೇಕಾಗಿತ್ತು.

ದುಡ್ಡು ಯಾರದು, ಅಧಿಕಾರ ಯಾರದು ಎಂಬ ಮೂರನೆಯ ಪ್ರಶ್ನೆಯಲ್ಲಿ ನಮ್ಮ ಸೀಮೆಯ ನಿಜವಾದ ತೊಡಕಿದೆ. ಬಾರ್ಶಿಯದು ಲಂಡನ್ನಿನ ಬಂಡವಾಳ. ಲಾಭ ಅಲ್ಲಿಗೇ ಹೋಗುತ್ತಿತ್ತು ಎಂಬುದನ್ನು ಮರೆಯಬಾರದು, ಆ ರೈಲನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮಲ್ಲಿ ಅಥಣಿ, ಚಿಕ್ಕೋಡಿ ತಾಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯವು, ರಾಯಬಾಗ ಕೊಲ್ಲಾಪುರದ್ದು, ಸುತ್ತಲೂ ಸಾಂಗಲಿ, ಮಿರಜ್, ಕುರುಂದವಾಡ, ಜತ್ ಎಂದು ಕೌದಿಯಂತೆ ಹೊಲಿದ ಸಂಸ್ಥಾನಗಳು. ಇಷ್ಟು ಒಡೆಯರಿರುವಲ್ಲಿ ಹಳಿ ಹೇಗೆ ಹಾಸಬೇಕು ಎಂದು ಕೇಳಬಹುದು. ಆದರೆ ನಡೆದದ್ದು ಉಲ್ಟಾ. ಕೊಲ್ಲಾಪುರ ಸಂಸ್ಥಾನ ತನ್ನ ಹಣದಿಂದ ಮಿರಜಿನವರೆಗೆ 29 ಮೈಲಿ ಹಳಿ ಹಾಕಿಸಿತು. ಸಾಂಗಲಿ ಸಂಸ್ಥಾನ ಮಿರಜಿನಿಂದ ತನ್ನ ಊರಿಗೆ ಕವಲು ಎಳೆಸಿಕೊಂಡಿತು. ನೇರ ಬ್ರಿಟಿಷ್ ಆಡಳಿತದಲ್ಲಿದ್ದ ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳಿಗೆ ಹಾಗೆ ಕೇಳುವ ಒಡೆಯನೇ ಇರಲಿಲ್ಲ. ಬ್ರಿಟಿಷ್ ಸೀಮೆಯಲ್ಲಿ ಇದು ಆಗದ ಕೆಲಸವೂ ಅಲ್ಲ: ಮದ್ರಾಸು ಇಲಾಖೆಯ ತಂಜಾವೂರು ಜಿಲ್ಲಾ ಬೋರ್ಡು ಜನರ ಮೇಲೆ ಕರ ಹಾಕಿ 1894ರಲ್ಲಿಯೇ ತನ್ನ ರೈಲು ತೆರೆಯಿತು. ಕನ್ನಡ ನೆಲದ ಉದಾಹರಣೆಯೇ ಬೇಕೆಂದರೆ ಮೈಸೂರು ಸಂಸ್ಥಾನವಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ, 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಇದೇ ಎರಡೂವರೆ ಅಡಿಯ ಹಳಿ ಬಂತು. ಕೋಲಾರಕ್ಕಾದದ್ದು ಅಥಣಿಗೆ ಏಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಎಂಜಿನಿಯರಿಂಗಿನಲ್ಲಿ ಉತ್ತರವಿಲ್ಲ. ಮುಂಬೈ ಇಲಾಖೆಯ ದಕ್ಷಿಣದ ಅಂಚಿನಲ್ಲಿದ್ದ ಕನ್ನಡ ತಾಲೂಕುಗಳ ಪರವಾಗಿ ಮೇಜು ತಟ್ಟಿ ಕೇಳುವ ಬಾಯಿ ಇರಲಿಲ್ಲ ಎಂಬುದರಲ್ಲಿ ಇದೆ ಎಂದೇ ನಾನು ತಿಳಿದಿದ್ದೇನೆ.

ಇನ್ನೊಂದು ಮಾತು ಉಳಿಯಿತು: ಲಾರಿ ಬಂದ ಮೇಲೆ ಸಣ್ಣ ರೈಲುಗಳೆಲ್ಲ ಹೇಗೂ ಸಾಯುವುದಿದ್ದವು, ಬಂದಿದ್ದರೂ ಇಂದು ಏನು ಉಳಿಯುತ್ತಿತ್ತು? ಮ್ಯಾನಿಫೋಲ್ಡ್ ಕಣಿವೆಯ ರೈಲು 1934ರಲ್ಲಿ ಮುಚ್ಚಿತು, ಅದರ ಹಾಲನ್ನು ಲಾರಿಗಳು ಕಸಿದುಕೊಂಡವು. ನಿಪ್ಪಾಣಿ ರೈಲಿಲ್ಲದೆಯೇ ಪುಣೆ–ಬೆಂಗಳೂರು ರಸ್ತೆಯ ಮೇಲೆ ತಂಬಾಕಿನ ದೊಡ್ಡ ಪೇಟೆಯಾಗಿ ಬೆಳೆಯಿತು. ನಿಪ್ಪಾಣಿಯ ಮಟ್ಟಿಗೆ ಈ ವಾದವನ್ನು ಒಪ್ಪುತ್ತೇನೆ. ತಂಬಾಕು ತೂಕಕ್ಕಿಂತ ಬೆಲೆ ಹೆಚ್ಚಿರುವ ಸರಕು, ರಸ್ತೆಯ ಬಾಡಿಗೆಯನ್ನು ತಾಳಿಕೊಳ್ಳುತ್ತದೆ. ತೂಕ ಹೆಚ್ಚು, ಬೆಲೆ ಕಡಿಮೆ ಇರುವ ಸರಕಿನ ಕಥೆ ಬೇರೆ. 1910ರಲ್ಲಿ ಬೆಳಗಾವಿ ಬಿಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಕಬ್ಬಿಣದ ನೇಗಿಲ ಕಾರಖಾನೆಗೆ ಆರಿಸಿಕೊಂಡದ್ದು ಕುಂಡಲ ರೋಡ್ ನಿಲ್ದಾಣದ ಪಕ್ಕದ ಬರಡು ನೆಲ, ಅದೇ ಕಿರ್ಲೋಸ್ಕರವಾಡಿ. 1939ರಲ್ಲಿ ಶಿರಗಾಂವಕರ ಸೋದರರ ಸಕ್ಕರೆ ಕಾರಖಾನೆ ಎದ್ದದ್ದು ಉಗಾರ ಖುರ್ದದಲ್ಲಿ, ಹಳಿಯ ಮಗ್ಗುಲಲ್ಲಿ. ಹಳಿ ಇದ್ದಲ್ಲಿ ಕಾರಖಾನೆ ಬಂತು, ಕಾರಖಾನೆ ಇದ್ದಲ್ಲಿ ಊರು ಬೆಳೆಯಿತು. ಅಥಣಿಯ ಹತ್ತಿರ ಅಂಥ ನೆಲ ಬೇಕಾದಷ್ಟಿತ್ತು, ಹಳಿ ಇರಲಿಲ್ಲ.

ಸಣ್ಣ ಹಳಿ ಸತ್ತಿತು ಎನ್ನುವುದೂ ಪೂರ್ತಿ ನಿಜವಲ್ಲ. ಬಾರ್ಶಿ ರೈಲನ್ನು ಸರಕಾರ 1954ರಲ್ಲಿ ಕೊಂಡು ಸೆಂಟ್ರಲ್ ರೈಲ್ವೆಗೆ ಸೇರಿಸಿತು. ಉಗಿ ಹೋಗಿ ಡೀಸೆಲ್ ಬಂತು. ಈ ಶತಮಾನದ ಮೊದಲ ದಶಕದಲ್ಲಿ ಹಳಿಯನ್ನು ತುಂಡು ತುಂಡಾಗಿ ಅಗಲ ಮಾಡುತ್ತ ಬಂದು, ಕೊನೆಗೆ ಮಿರಜ್–ಪಂಢರಪುರದ ತುಂಡನ್ನೂ ಬ್ರಾಡ್ ಗೇಜು ಮಾಡಿದರು. ಇಂದು ಲಾತೂರಿನಿಂದ ಮಿರಜಿನವರೆಗೆ ದೊಡ್ಡ ಗಾಡಿಗಳು ಓಡುತ್ತವೆ. ಕೋಲಾರ–ಚಿಕ್ಕಬಳ್ಳಾಪುರದ ಸಣ್ಣ ಹಳಿಯೂ 2013ರಲ್ಲಿ ಬ್ರಾಡ್ ಗೇಜಾಗಿ ತೆರೆಯಿತು. ಸಣ್ಣ ರೈಲು ಮಾಡಿದ ಅತಿ ದೊಡ್ಡ ಕೆಲಸ ಇದೇ ಇರಬಹುದು: ನೂರು ವರ್ಷ ಮುಂಚೆ ಅದು ನೆಲ ಹಿಡಿದಿಟ್ಟಿತು. ಒಮ್ಮೆ ರೈಲಿನದಾದ ಪಟ್ಟಿ ಮನೆ, ಗದ್ದೆ, ಅಂಗಡಿಗಳ ನಡುವೆ ಕಳೆದುಹೋಗದೆ ಉಳಿಯಿತು. ಹಾಗೆ ನೆಲ ಹಿಡಿದಿಡದ ಕಡೆ ಏನಾಗುತ್ತದೆ ನೋಡಿ: ಕುಡಚಿಯಿಂದ ಬಾಗಲಕೋಟೆಗೆ 142 ಕಿಲೋಮೀಟರಿನ ದಾರಿ 2010-11ರಲ್ಲಿ ಮಂಜೂರಾಯಿತು. ಬಾಗಲಕೋಟೆಯ ತುದಿಯಿಂದ ತುಣುಕು ತುಣುಕಾಗಿ ಬರುತ್ತಿರುವ ಆ ಕೆಲಸದಲ್ಲಿ ಹೊಸದಾಗಿ ನೆಲ ಪಡೆಯುವುದು ಎಷ್ಟು ನಿಧಾನವೆಂಬುದನ್ನು ಈ ಭಾಗದ ರೈತರು ಕಣ್ಣಾರೆ ಕಂಡಿದ್ದಾರೆ.

ಕೊನೆಗೆ ನನ್ನ ವಾದಕ್ಕೆ ನಾನೇ ಒಂದು ತಿದ್ದುಪಡಿ ಹಾಕಬೇಕು, ಇಲ್ಲದಿದ್ದರೆ ಅದು ಅರೆಸತ್ಯವಾಗುತ್ತದೆ. ಆರಂಭದಲ್ಲಿ ಹೇಳಿದ ಜತ್ ರೋಡ್ ನಿಲ್ದಾಣ ಇರುವುದು 1927ರಲ್ಲಿ ಪಂಢರಪುರದಿಂದ ಮಿರಜಿಗೆ ಬಂದ ಈ ಹಳಿಯ ಮೇಲೆಯೇ. ಒಂದು ಪೇಟೆಯ ಬಾಗಿಲಿಗೆ ಹೋಗುವುದಕ್ಕೆಂದೇ ಹುಟ್ಟಿದ ರೈಲು, ಮೂವತ್ತು ವರ್ಷದಲ್ಲಿ ಎರಡು ಜಂಕ್ಷನ್ನುಗಳನ್ನು ಕೂಡಿಸುವ ಗುರಿ ಹಿಡಿದಾಗ ಜತ್ ಊರನ್ನು ಬದಿಗೆ ಬಿಟ್ಟು ನಡೆಯಿತು. ಹಳಿಯ ಅಗಲ ಅದೇ ಎರಡೂವರೆ ಅಡಿ. ಬದಲಾದದ್ದು ಯಾರಿಗಾಗಿ ಹಾಕಿದ್ದು ಎಂಬುದು. ಹಗುರಾದ ಅಚ್ಚು ಊರೊಳಗೆ ಬರುವ ಶಕ್ತಿಯನ್ನು ರೈಲಿಗೆ ಕೊಡುತ್ತದೆ, ಬರುವ ಮನಸ್ಸನ್ನು ಕೊಡಲಾರದು. ಜತ್ ತಾಲೂಕಿನ ಕನ್ನಡ ಹಳ್ಳಿಗಳು, ಅವುಗಳ ದಕ್ಷಿಣಕ್ಕೆ ಅಥಣಿಯ ಹಳ್ಳಿಗಳು, ಎರಡೂ ಎರಡು ರೈಲು ದಾರಿಗಳ ನಡುವಿನ ನೆಲದಲ್ಲಿವೆ. ಉತ್ತರದವರಿಗೆ ಜತ್ ರೋಡ್, ದಕ್ಷಿಣದವರಿಗೆ ಉಗಾರ, ಶೇಡಬಾಳ. ಅಥಣಿಯ ಪೇಟೆಗೆ ಇಂದಿಗೂ ದಕ್ಷಿಣದ ಈ ನಿಲ್ದಾಣಗಳೇ ಹತ್ತಿರ.